ಸಭೆಗೆ ಸಿಕ್ಕವರು, ಮನೆಗೆ ಸಿಗದವರು: ಒಬ್ಬ ವಿಶ್ವಾಸಿ ಗೃಹಸ್ಥರ ಪ್ರಕರಣ ಅಧ್ಯಯನ

ಈ ಅಧ್ಯಯನದ ಕೇಂದ್ರದಲ್ಲಿರುವವರು ನಲವತ್ತು ದಾಟಿದ ಒಬ್ಬ ಗೃಹಸ್ಥರು. ಪಾಳಿಯ ಮೇಲೆ ನಡೆಯುವ ಕೆಲಸದಲ್ಲಿ ಮೇಲ್ವಿಚಾರಕರಾಗಿರುವ ಅವರು ತಮ್ಮ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಖಜಾಂಚಿಯೂ ಹೌದು, ವಾರದ ನಡುವಿನ ಪ್ರಾರ್ಥನಾ ಕೂಟವನ್ನು ನಡೆಸುವವರೂ ಹೌದು, ಕಟ್ಟಡ ಸಮಿತಿಯ ಸದಸ್ಯರೂ ಹೌದು. ಮನೆಯಲ್ಲಿ ಪತ್ನಿ, 15 ವರ್ಷದ ಮಗ, 9 ವರ್ಷದ ಮಗಳು ಮತ್ತು ವಯಸ್ಸಾದ ತಾಯಿ ಇದ್ದಾರೆ. ಕುಟುಂಬದವರು ಒಪ್ಪಿಗೆ ಕೊಟ್ಟಿದ್ದರೂ ಗುರುತು ಹತ್ತಬಹುದಾದ ವಿವರಗಳನ್ನು ಇಲ್ಲಿ ಕೈಬಿಟ್ಟಿದೆ. ಅವರನ್ನು ಉದ್ದಕ್ಕೂ 'ಈ ಸಹೋದರರು' ಎಂದೇ ಕರೆದಿದೆ.

ಸಂಗತಿ ಸಭಾಪಾಲಕರ ಕಿವಿಗೆ ಬಿದ್ದದ್ದು ದೂರಿನ ರೂಪದಲ್ಲಲ್ಲ. ಆರಾಧನೆ ಮುಗಿದ ಮೇಲೆ ಯಾರೋ ಈ ಸಹೋದರರ ಪ್ರಾರ್ಥನೆಯಿಂದ ತಮಗೆಷ್ಟು ಬಲ ಬಂತೆಂದು ಹೊಗಳುತ್ತಿದ್ದಾಗ ಪಕ್ಕದಲ್ಲಿದ್ದ ಅವರ ಪತ್ನಿ, "ಇಲ್ಲಿ ಪ್ರಾರ್ಥನೆ ಮಾಡುತ್ತಾರಲ್ಲ, ಅವರನ್ನು ಒಂದು ದಿನ ನಮ್ಮ ಮನೆಗೂ ಕಳುಹಿಸಿಕೊಡಿ ಪಾಸ್ಟರ್" ಎಂದು ನಗುತ್ತಲೇ ಹೇಳಿದರು. ಸುತ್ತಲಿದ್ದವರೂ ನಕ್ಕರು. ಆದರೆ ಆ ಮಾತಿನ ಹಿಂದೆ ಬಹಳ ದಿನಗಳ ಆಯಾಸವಿದೆಯೆಂಬುದು ಸಭಾಪಾಲಕರಿಗೆ ಹೊಳೆದು, ಆ ವಾರವೇ ಅವರು ತಮ್ಮ ಪತ್ನಿಯ ಜೊತೆಗೆ ಆ ಮನೆಗೆ ಹೋಗಿ ಬಂದರು. ಮುಂದಿನ ಸುಮಾರು ಒಂದು ವರ್ಷ ಈ ಕುಟುಂಬದ ಜೊತೆಗಿದ್ದವರಲ್ಲಿ ಸಭಾಪಾಲಕ ದಂಪತಿ, ಉದ್ಯೋಗದಿಂದ ನಿವೃತ್ತರಾದ ಒಬ್ಬ ಹಿರಿಯ ವಿಶ್ವಾಸಿ, ಮತ್ತು ಪುರುಷರ ಕೂಟದ ಹೊಣೆ ಹೊತ್ತಿದ್ದ ನಾನು ಸೇರಿದ್ದೇವೆ.

ಮೊದಲು ಕೇಳಿದ್ದು, ಪ್ರತ್ಯೇಕವಾಗಿ

ಗಂಡಸರನ್ನು ಕುಟುಂಬ ಜೀವನದಲ್ಲಿ ಪ್ರೋತ್ಸಾಹಿಸುವ ಯಾವ ಪ್ರಯತ್ನವೇ ಇರಲಿ, ಅದಕ್ಕೆ ಮುಂಚೆ ತಿಳಿದುಕೊಳ್ಳಲೇಬೇಕಾದ ಒಂದು ಸಂಗತಿಯಿದೆ: ಆ ಮನೆಯಲ್ಲಿ ಯಾರಾದರೂ ಭಯದಲ್ಲಿ ಬದುಕುತ್ತಿದ್ದಾರೆಯೇ? ಹೊಡೆತ, ಬೆದರಿಕೆ, ಹಣವನ್ನು ಹಿಡಿದಿಟ್ಟು ಕಾಡುವುದು ಇವುಗಳಲ್ಲಿ ಯಾವುದಿದ್ದರೂ ಅಲ್ಲಿ ಬೇಕಾದದ್ದು ಪ್ರೋತ್ಸಾಹವಲ್ಲ. ಹೆಂಡತಿ ಮಕ್ಕಳ ಸುರಕ್ಷತೆಯನ್ನು ಮೊದಲು ನೋಡಬೇಕು, ಕಾನೂನಿನ ನೆರವನ್ನೂ ಪಡೆಯಬೇಕು. ಇಂಥ ಮನೆಗಳಿಗೆ ಹೋಗಿ "ಪುರುಷನು ಮನೆಯ ಶಿರಸ್ಸು" ಎಂದು ಬೋಧಿಸಿ ಬಂದವರು ಹಿಂಸೆಗೆ ವಾಕ್ಯದ ಆಧಾರವನ್ನು ಒದಗಿಸಿಕೊಟ್ಟು ಬಂದಂತಾಗುತ್ತದೆ. ಆದ್ದರಿಂದ ಸಭಾಪಾಲಕರ ಪತ್ನಿ ಮನೆಯ ಹೆಂಗಸರಿಬ್ಬರ ಜೊತೆಗೆ ಬೇರೆಯಾಗಿಯೇ ಕುಳಿತು ಮಾತನಾಡಿದರು. ಇಲ್ಲಿ ಹೊಡೆತವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಇದ್ದದ್ದು ಮೌನ, ಆಗಾಗ ಸಿಡಿಯುವ ಮಾತು, ಮತ್ತು ಮನೆಗೆ ಬಂದ ಮೇಲೂ ಸಭೆಯ ಕೆಲಸಕ್ಕಾಗಿ ಬಿಡದೆ ರಿಂಗಾಗುವ ಮೊಬೈಲ್.

ಮಗನನ್ನು ಹಿರಿಯ ವಿಶ್ವಾಸಿ ಮಾತನಾಡಿಸಿದರು. ಅವನು ಹೆಚ್ಚೇನೂ ಹೇಳಲಿಲ್ಲ. "ಅಪ್ಪ ನನ್ನನ್ನು ಕೇಳುವುದು ಎರಡೇ ಅಂಕಲ್. ಓದಿದೆಯಾ ಅಂತ, ಭಾನುವಾರ ಯಾಕೆ ತಡ ಮಾಡಿದೆ ಅಂತ" ಎಂದ. ಅಪ್ಪನಿಗೆ ದೇವರ ಮೇಲೆ ಭಕ್ತಿಯಿದೆಯೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆ ಭಕ್ತಿಗೂ ತನಗೂ ಏನು ಸಂಬಂಧವೆಂಬುದೇ ಅವನಿಗೆ ತಿಳಿಯದೆ ಹೋಗಿತ್ತು. ಮಗಳು ಇನ್ನೂ ಅಮ್ಮನ ಜೊತೆಗೆ ಮಲಗುವ ಮುಂಚೆ ಪ್ರಾರ್ಥನೆ ಮಾಡುತ್ತಿದ್ದಳು. ಅಪ್ಪ ಯಾವಾಗ ಪ್ರಾರ್ಥನೆ ಮಾಡುತ್ತಾರೆಂದು ಕೇಳಿದರೆ "ಚರ್ಚ್‌ನಲ್ಲಿ" ಎಂದಳು.

ಪತ್ನಿಯ ಮಾತು ಇವರೆಲ್ಲರ ಮಾತಿಗಿಂತ ಸ್ಪಷ್ಟವಾಗಿತ್ತು. ಹತ್ತು ವರ್ಷಗಳಿಂದ ಮನೆಯ ಪ್ರಾರ್ಥನೆ, ಮಕ್ಕಳ ವಾಕ್ಯಪಾಠ, ಅವರ ಶಾಲೆಯ ಸಭೆಗಳು, ಅತ್ತೆಯ ಔಷಧೋಪಚಾರ ಎಲ್ಲವನ್ನೂ ಅವರೇ ಹೊತ್ತು ಬಂದಿದ್ದರು. "ಅವರು ಕೆಟ್ಟವರಲ್ಲ. ಮನೆಯಲ್ಲಿ ಇರುವುದೇ ಇಲ್ಲ, ಅಷ್ಟೇ" ಎಂದರು.

ಒಂದು ವಾರದ ಲೆಕ್ಕ

ಈ ಸಹೋದರರನ್ನು ಭೇಟಿ ಮಾಡಿದಾಗ ಅವರು ತಮ್ಮ ತಪ್ಪನ್ನು ತಕ್ಷಣ ಒಪ್ಪಿಕೊಂಡರು. ಆ ಒಪ್ಪಿಗೆ ಎಷ್ಟು ಬೇಗ ಬಂತೆಂದರೆ, ಅದನ್ನು ನಂಬುವುದೇ ಕಷ್ಟವಾಯಿತು. ಪುರುಷರಿಗಾಗಿ ನಡೆಯುವ ವಾರ್ಷಿಕ ಶಿಬಿರಗಳಲ್ಲಿ ಅವರು ಇದೇ ತಪ್ಪನ್ನು ಹಿಂದೆಯೂ ಒಪ್ಪಿಕೊಂಡಿದ್ದರು, ಕಣ್ಣೀರಿಟ್ಟಿದ್ದರು, ಮನೆಯಲ್ಲಿ ಕುಟುಂಬ ಪ್ರಾರ್ಥನೆಯನ್ನು ತಾವೇ ನಡೆಸುವುದಾಗಿ ತೀರ್ಮಾನ ಮಾಡಿ ಬಂದಿದ್ದರು. ಪ್ರತಿ ಸಲವೂ ಎರಡು ಮೂರು ವಾರಗಳಲ್ಲಿ ಅದು ನಿಂತುಹೋಗಿತ್ತು. ಹಾಗೆ ನಿಂತಾಗಲೆಲ್ಲ ಅಪರಾಧ ಭಾವನೆ ಹೆಚ್ಚುತ್ತಿತ್ತು, ಅದು ಹೆಚ್ಚಿದಷ್ಟೂ ಅವರು ಸಭೆಯ ಕೆಲಸದಲ್ಲಿ ಇನ್ನಷ್ಟು ತೊಡಗಿಕೊಳ್ಳುತ್ತಿದ್ದರು. ಸಭೆಯಲ್ಲಾದರೆ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತಿತ್ತು, ನಾಲ್ಕು ಜನ ಒಳ್ಳೆಯ ಮಾತನ್ನೂ ಆಡುತ್ತಿದ್ದರು.

ಹಿರಿಯ ವಿಶ್ವಾಸಿ ಉಪದೇಶಕ್ಕೆ ಕೈಹಾಕದೆ ಒಂದು ಹಾಳೆಯನ್ನು ಮುಂದಿಟ್ಟು, ಹಿಂದಿನ ವಾರದ ಏಳು ಸಂಜೆಗಳನ್ನು ಬರೆಯಲು ಹೇಳಿದರು. ಎರಡು ಸಂಜೆ ಪಾಳಿಯ ಕೆಲಸ. ಒಂದು ಪ್ರಾರ್ಥನಾ ಕೂಟ. ಒಂದು ಕಟ್ಟಡ ಸಮಿತಿ. ಒಂದು ಲೆಕ್ಕಪತ್ರ. ಒಂದು, ಕಾಯಿಲೆಯಲ್ಲಿದ್ದ ವಿಶ್ವಾಸಿಯೊಬ್ಬರ ಮನೆಗೆ ಭೇಟಿ. ಉಳಿದ ಒಂದು ಸಂಜೆ ಅವರು ಮನೆಯಲ್ಲಿದ್ದರು, ಆದರೆ ಭಾನುವಾರದ ಕಾಣಿಕೆಯ ಲೆಕ್ಕ ತಾಳೆಯಾಗದೆ ಅದನ್ನೇ ನೋಡುತ್ತ ಕುಳಿತಿದ್ದರು. ಹಾಳೆಯನ್ನು ನೋಡಿದ ಸಭಾಪಾಲಕರು ಬಹಳ ಹೊತ್ತು ಮಾತನಾಡಲಿಲ್ಲ, ಏಕೆಂದರೆ ಅದರಲ್ಲಿದ್ದ ನಾಲ್ಕು ಸಂಜೆಗಳನ್ನು ಅವರಿಗೆ ಹೊರಿಸಿದವರು ಸ್ವತಃ ಸಭಾಪಾಲಕರೇ ಆಗಿದ್ದರು.

ನನ್ನ ಅಭಿಪ್ರಾಯದಲ್ಲಿ ಪ್ರಕರಣದ ತಿರುಳು ಇಲ್ಲಿದೆ. ಮನೆಗೆ ಸಿಗದ ತಂದೆಯನ್ನು ಕುರಿತು ಸಭೆ ಪ್ರಸಂಗ ಮಾಡುತ್ತದೆ. ಅದೇ ತಂದೆಯ ವಾರವನ್ನು ತುಂಬಿಸುವುದೂ ಸಭೆಯೇ. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ, ಸ್ವಂತ ಮನೆಯನ್ನು ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂಬ ಪ್ರಶ್ನೆಯಿದೆ. ಅದೇ ಅಧ್ಯಾಯದ 12ನೆಯ ವಚನ ಸಭಾಸೇವಕರಿಗೂ ಇದೇ ಅಳತೆಯನ್ನಿಡುತ್ತದೆ. ಈ ವಚನಗಳನ್ನು ನಾವು ಆಯ್ಕೆಯ ದಿನ ಓದುತ್ತೇವೆ. ಆಯ್ಕೆಯಾದವರ ಮನೆ ಎರಡು ವರ್ಷಗಳ ಸೇವೆಯ ನಂತರ ಹೇಗಿದೆಯೆಂದು ಕೇಳಲು ಅದೇ ವಚನಗಳನ್ನು ತೆರೆಯುವ ಸಭೆಗಳು ಅಪರೂಪ.

ಈ ಸಂದರ್ಭದಲ್ಲಿ ಯಾಜಕನಾದ ಏಲಿಯ ಹೆಸರು ಬರುವುದು ವಾಡಿಕೆ. ಆದರೆ ಸಾಮಾನ್ಯವಾಗಿ ಅವನನ್ನು ಮಕ್ಕಳಿಗೆ ಬುದ್ಧಿ ಹೇಳದ ತಂದೆಯೆಂದು ತೋರಿಸಲಾಗುತ್ತದೆ. 1 ಸಮುವೇಲ 2ನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅವನು ಬುದ್ಧಿ ಹೇಳಿದ್ದಾನೆ. ಬಹಳ ಮುದುಕನಾದ ಮೇಲೆ, ಅವರ ದುಷ್ಕೃತ್ಯಗಳು ಊರವರ ಬಾಯಿಂದ ತನ್ನ ಕಿವಿಗೆ ಬಿದ್ದ ಮೇಲೆ ಹೇಳಿದ್ದಾನೆ. ಅವನ ಬದುಕೆಲ್ಲ ದೇವಾಲಯದಲ್ಲೇ ಕಳೆದಿತ್ತು, ಮಕ್ಕಳೂ ಅಲ್ಲಿಯೇ ಯಾಜಕರಾಗಿದ್ದರು. ಅವನ ಕೈಕೆಳಗೆ ಬೆಳೆದ ಸಮುವೇಲನ ಮಕ್ಕಳೂ ಲಂಚಕ್ಕೆ ಕೈಚಾಚಿದರೆಂದು ಅದೇ ಗ್ರಂಥದ 8ನೆಯ ಅಧ್ಯಾಯ ದಾಖಲಿಸುತ್ತದೆ. ಸಮುವೇಲನು ಇಸ್ರಾಯೇಲಿನ ಊರೂರು ಸುತ್ತಿ ನ್ಯಾಯ ತೀರಿಸುತ್ತಿದ್ದವನು. ಮಕ್ಕಳ ದಾರಿ ತಪ್ಪಲು ಆ ತಿರುಗಾಟವೇ ಕಾರಣವೆಂದು ಗ್ರಂಥ ಹೇಳುವುದಿಲ್ಲ, ನಾವೂ ಹೇಳಬಾರದು. ಆದರೆ ದೇವರ ಕೆಲಸದಲ್ಲಿ ನಿರತರಾಗಿದ್ದೇವೆಂಬುದು ಮನೆಗೆ ತಾನಾಗಿ ರಕ್ಷೆಯಾಗುವುದಿಲ್ಲವೆಂಬುದು ಎರಡು ತಲೆಮಾರುಗಳಲ್ಲಿ ಕಂಡುಬಂದಿದೆ.

ಹಿಂದಿನವರು ಏನು ಮಾಡಿದ್ದರು

ಮುಂದಿನ ಹೆಜ್ಜೆಯನ್ನು ಯೋಚಿಸುವಾಗ ಸಭೆಯ ಇತಿಹಾಸದಿಂದ ಕೆಲವು ಮಾದರಿಗಳನ್ನು ನಾವು ಎದುರಿಗಿಟ್ಟುಕೊಂಡೆವು. ಮನೆಯನ್ನು ಒಂದು ಚಿಕ್ಕ ಸಭೆಯನ್ನಾಗಿ ಮಾಡಿಕೊಳ್ಳಿರೆಂದು 4ನೆಯ ಶತಮಾನದ ಕೊನೆಯ ಹೊತ್ತಿಗೇ ಯೋಹಾನ ಕ್ರಿಸೊಸ್ತೊಮನು ತನ್ನ ಪ್ರಸಂಗಗಳಲ್ಲಿ ಬೋಧಿಸಿದ್ದನು. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಹೊರತಂದ, ವಿಶ್ವಾಸದ ಮೂಲಪಾಠಗಳನ್ನು ಕಲಿಸುವ 'ಚಿಕ್ಕ ಪ್ರಶ್ನೋತ್ತರ' ಎಂಬ ಪುಸ್ತಕದ ಭಾಗಗಳನ್ನು ಮನೆಯ ಯಜಮಾನನು ತನ್ನ ಮನೆಯವರಿಗೆ ಸರಳವಾಗಿ ಹೇಳಿಕೊಡುವಂತೆ ಬರೆದನು. ಬೆಳಗ್ಗೆ ಎದ್ದಾಗ, ರಾತ್ರಿ ಮಲಗುವಾಗ ಹೇಳಬೇಕಾದ ಪುಟ್ಟ ಪ್ರಾರ್ಥನೆಗಳನ್ನೂ ಅದರಲ್ಲಿ ಕೊಟ್ಟನು. ಸ್ಕಾಟ್ಲೆಂಡಿನ ಸಭೆ 1647ರಲ್ಲಿ ಒಪ್ಪಿಕೊಂಡ ಕುಟುಂಬ ಆರಾಧನೆಯ ನಿರ್ದೇಶನ ಇನ್ನೂ ಖಡಾಖಂಡಿತವಾದದ್ದು: ಕುಟುಂಬ ಆರಾಧನೆಯನ್ನು ಅಲಕ್ಷಿಸಿದ ಯಜಮಾನನಿಗೆ ಮೊದಲು ಖಾಸಗಿಯಾಗಿ ಬುದ್ಧಿ ಹೇಳಬೇಕು, ಕೇಳದಿದ್ದರೆ ಸಭೆಯ ಹಿರಿಯರು ಗದರಿಸಬೇಕು, ಆಗಲೂ ತಿದ್ದಿಕೊಳ್ಳದಿದ್ದರೆ ಕರ್ತನ ಭೋಜನದಿಂದ ಅವನನ್ನು ದೂರವಿಡಬೇಕು.

ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಚಳವಳಿಯನ್ನು ಕಟ್ಟಿದ ಜಾನ್ ವೆಸ್ಲಿಯ ಕಾಲದ ಸಂಗತಿ ನಮ್ಮ ಪ್ರಕರಣಕ್ಕೆ ಹೆಚ್ಚು ಹತ್ತಿರವಾದದ್ದು, ಸ್ವಲ್ಪ ತಮಾಷೆಯದ್ದೂ ಹೌದು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಕೂಟದ ಕಟ್ಟಡದ ಸಾಲವನ್ನು ತೀರಿಸಲೆಂದು ಸದಸ್ಯರನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ವಿಂಗಡಿಸಿ, ತಲೆಗೆ ವಾರಕ್ಕೆ ಒಂದು ಪೆನ್ನಿಯನ್ನು ಮನೆಮನೆಗೆ ಹೋಗಿ ವಸೂಲು ಮಾಡಲು ಒಬ್ಬೊಬ್ಬ ನಾಯಕನನ್ನು ನೇಮಿಸಿದರು. ಹಣಕ್ಕೆಂದು ಹೋದವರು ಬೇರೊಂದು ವರದಿಯನ್ನು ತಂದರು: ಇಂಥವನು ಹೆಂಡತಿಯ ಜೊತೆ ಜಗಳವಾಡುತ್ತಿದ್ದ, ಇನ್ನೊಬ್ಬ ಕುಡಿದಿದ್ದ. ಸಭಾಮಂದಿರದಲ್ಲಿ ಕಾಣದ್ದು ಮನೆಯ ಬಾಗಿಲಲ್ಲಿ ಕಂಡಿತು. ಹಣ ವಸೂಲಿಯ ಆ ಏರ್ಪಾಡೇ ಮೆಥಡಿಸ್ಟರ ವರ್ಗಕೂಟವಾಗಿ ಬೆಳೆಯಿತು. ನಮ್ಮ ಖಜಾಂಚಿಯವರಿಗೆ ಈ ಕಥೆಯನ್ನು ಹೇಳಿದಾಗ ಅವರು ಮನಸಾರೆ ನಕ್ಕರು.

ನಮ್ಮ ಕಾಲಕ್ಕೆ ಬಂದರೆ, ಪುರುಷರ ಪ್ರೋತ್ಸಾಹವೆಂದೊಡನೆ ದೊಡ್ಡ ಸಮಾವೇಶಗಳು ಕಣ್ಣಮುಂದೆ ಬರುತ್ತವೆ. ಅಮೆರಿಕದಲ್ಲಿ ಫುಟ್‌ಬಾಲ್ ತರಬೇತುದಾರ ಬಿಲ್ ಮೆಕಾರ್ಟ್ನಿ 1990ರಲ್ಲಿ ಆರಂಭಿಸಿದ ಪ್ರಾಮಿಸ್ ಕೀಪರ್ಸ್ ಚಳವಳಿ 1997ರ ಅಕ್ಟೋಬರ್ 4ರಂದು ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಗಂಡಸರನ್ನು ಒಂದೆಡೆ ಸೇರಿಸಿತು. ಗಂಡಸರು ಒಟ್ಟಾಗಿ ಹಾಡುವುದರಲ್ಲಿ, ತಪ್ಪೊಪ್ಪಿಕೊಳ್ಳುವುದರಲ್ಲಿ ಬಲವಿದೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಚಳವಳಿಯ ಕಥೆಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಇನ್ನೊಂದು ಸಂಗತಿ: ಮೆಕಾರ್ಟ್ನಿ 1994ರಲ್ಲಿ, ತಮ್ಮ ವೃತ್ತಿ ಎತ್ತರದಲ್ಲಿದ್ದಾಗಲೇ, ಕುಟುಂಬಕ್ಕೆ ಸಮಯ ಕೊಡಬೇಕೆಂದು ಹೇಳಿ ತರಬೇತುದಾರ ಹುದ್ದೆಯನ್ನು ಬಿಟ್ಟರು. ಪ್ರತಿಜ್ಞೆಗೆ ಜಾಗ ಬೇಕಾದರೆ ಏನನ್ನಾದರೂ ಇಳಿಸಬೇಕು. ಈ ಸಹೋದರರ ಶಿಬಿರದ ತೀರ್ಮಾನಗಳೆಲ್ಲ ಕುಸಿದದ್ದಕ್ಕೆ ಮುಖ್ಯ ಕಾರಣ, ಅವು ತುಂಬಿದ ವಾರದ ಮೇಲೆ ಹೇರಿದ ಇನ್ನೊಂದು ಕೆಲಸವಾಗಿದ್ದದ್ದು.

ಹೀಗಾಗಿ ಸ್ಕಾಟ್ಲೆಂಡಿನ ದಂಡನೆಯ ದಾರಿಯನ್ನು ಪಕ್ಕಕ್ಕಿಟ್ಟು, ಲೂಥರನಿಂದ ಒಂದನ್ನೂ ವೆಸ್ಲಿಯಿಂದ ಒಂದನ್ನೂ ತೆಗೆದುಕೊಂಡೆವು: ಬಾಯಲ್ಲಿ ಹೇಳಲು ಸಿದ್ಧವಾದ ಚಿಕ್ಕ ಮಾತುಗಳು, ವಾರಕ್ಕೊಮ್ಮೆ ಮನೆಯ ಬಗ್ಗೆ ಕೇಳುವ ಒಬ್ಬ ಮನುಷ್ಯ. ಇವೆರಡಕ್ಕೂ ಮುಂಚೆ ಕಟ್ಟಡ ಸಮಿತಿಯಿಂದ ಅವರನ್ನು ಬಿಡಿಸಿ, ಪ್ರಾರ್ಥನಾ ಕೂಟವನ್ನು ನಡೆಸುವ ಹೊಣೆಯನ್ನು ಬೇರೊಬ್ಬರಿಗೆ ಕೊಡಲಾಯಿತು. ಖಜಾಂಚಿಯ ಕೆಲಸ ವರ್ಷಾಂತ್ಯದವರೆಗೆ ಉಳಿಯಿತು, ಆದರೆ ಲೆಕ್ಕದ ಪುಸ್ತಕ ಮನೆಗೆ ಹೋಗಬಾರದೆಂದು ತೀರ್ಮಾನವಾಯಿತು. ಇದನ್ನು ಅವರು ಸಲೀಸಾಗಿ ಒಪ್ಪಲಿಲ್ಲ. ಜನ ಏನೆಂದುಕೊಳ್ಳುತ್ತಾರೆ, ಯಾವುದೋ ತಪ್ಪಿಗೆ ಇಳಿಸಿದ್ದಾರೆಂದು ಮಾತಾಗುವುದಿಲ್ಲವೇ ಎಂಬ ಅಳುಕು ಅವರಿಗಿತ್ತು. ಸಭಾಪಾಲಕರು ಭಾನುವಾರದ ಪ್ರಕಟಣೆಯಲ್ಲಿ, ಇವರ ಹೊಣೆಯನ್ನು ಕಡಿಮೆ ಮಾಡುವ ನಿರ್ಧಾರ ತಮ್ಮದೆಂದೂ ಇಷ್ಟು ಹೊರಿಸಿದ್ದು ತಮ್ಮ ತಪ್ಪೆಂದೂ ಹೇಳಿದ ಮೇಲೆ ಆ ಅಳುಕು ಅರ್ಧ ಕಳೆಯಿತು.

ಸ್ವಂತ ಮನೆಯಲ್ಲಿ ಬಾಯಿ ಬಾರದಿರುವುದು

ಸಮಯ ಸಿಕ್ಕಿದ ಮೇಲೆ ನಿಜವಾದ ತೊಡಕು ಹೊರಗೆ ಬಂತು. ಸಭೆಯಲ್ಲಿ ಹತ್ತು ನಿಮಿಷ ತಡವರಿಸದೆ ಪ್ರಾರ್ಥಿಸಬಲ್ಲವರಿಗೆ ಹೆಂಡತಿಯ ಪಕ್ಕದಲ್ಲಿ ಕುಳಿತು ಎರಡು ವಾಕ್ಯ ಪ್ರಾರ್ಥಿಸಲು ಆಗಲಿಲ್ಲ. ಮೊದಲ ಸಂಜೆ ಅವರು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಆರಂಭಿಸಿ, ಗಂಟಲು ಕಟ್ಟಿ, ಕರ್ತನ ಪ್ರಾರ್ಥನೆಯನ್ನೇ ಮುಗಿಸಿ ಎದ್ದುಬಿಟ್ಟರು. ಇದು ಈ ಸಹೋದರರೊಬ್ಬರ ಸಮಸ್ಯೆಯೆಂದು ತಿಳಿಯಬಾರದು. ಪುರುಷರ ಕೂಟದಲ್ಲಿ ಮನಸ್ಸು ಬಿಚ್ಚಿದವರಲ್ಲಿ ಅನೇಕರು ಇದನ್ನೇ ಹೇಳಿದ್ದಾರೆ. ಸಭೆಯಲ್ಲಿ ಕೇಳುವವರಿಗೆ ನಮ್ಮ ಮಾತು ಮಾತ್ರ ಗೊತ್ತು. ಮನೆಯಲ್ಲಿ ಕೇಳುವವರಿಗೆ ನಮ್ಮ ಬೆಳಗ್ಗೆಯೂ ಗೊತ್ತು. ಬೆಳಗ್ಗೆ ಚೀಲ ಸಿಗಲಿಲ್ಲವೆಂದು ರೇಗಿದವನು ಸಂಜೆ ತಾಳ್ಮೆಗಾಗಿ ಸ್ತೋತ್ರ ಹೇಳಿದರೆ ಮಗನ ಹುಬ್ಬು ಮೇಲೇರುತ್ತದೆ, ಅದು ತಂದೆಗೂ ತಿಳಿಯುತ್ತದೆ. ಹೀಗಿರುವಾಗ ಪ್ರಾರ್ಥನೆ ನಟನೆಯಾದೀತೆಂಬ ಅಂಜಿಕೆಯಿಂದ ಗಂಡಸರು ಸುಮ್ಮನಾಗುತ್ತಾರೆ. ಆ ಅಂಜಿಕೆಯಲ್ಲಿ ಒಂದು ಪ್ರಾಮಾಣಿಕತೆಯಿದೆಯೆಂದೇ ನನ್ನ ಎಣಿಕೆ. ಅದನ್ನು ಸೋಮಾರಿತನವೆಂದು ಜರೆಯುವ ಪ್ರಸಂಗಿಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತಾರೆ.

ಇದಕ್ಕೆ ಹಿರಿಯ ವಿಶ್ವಾಸಿ ಕೊಟ್ಟ ಉತ್ತರ ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಿಂದ ಬಂತು. ಅಲ್ಲಿ ಮಗನನ್ನು ಕರೆತಂದ ತಂದೆಯೊಬ್ಬನು ಯೇಸುವಿನ ಮುಂದೆ, ಗುಂಪಿನ ನಡುವೆ, ಮಗನೆದುರಿಗೇ, ತಾನು ನಂಬುತ್ತೇನೆಂದೂ ತನ್ನ ಅಪನಂಬಿಕೆಗೆ ಸಹಾಯಮಾಡಬೇಕೆಂದೂ ಒಂದೇ ಉಸಿರಿನಲ್ಲಿ ಕೂಗಿಕೊಳ್ಳುತ್ತಾನೆ. ಬೇಡಿಕೆ ಅಷ್ಟೇ. ಆ ಪ್ರಾರ್ಥನೆಯಲ್ಲಿ ವಾಕ್ಚಾತುರ್ಯವಿಲ್ಲ, ತನ್ನ ಕೊರತೆಯನ್ನು ಮುಚ್ಚಿಡುವ ಪ್ರಯತ್ನವೂ ಇಲ್ಲ. "ಬ್ರದರ್, ಸಭೆಯ ಪ್ರಾರ್ಥನೆಯನ್ನು ಮನೆಗೆ ತರಬೇಡಿ. ಆ ದಿನ ನಡೆದದ್ದನ್ನೇ ಒಂದು ವಾಕ್ಯದಲ್ಲಿ ಹೇಳಿ ಸಾಕು" ಎಂದು ಅವರು ಹೇಳಿಕೊಟ್ಟರು. ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಕೇಳಿಬಂದ ಪ್ರಾರ್ಥನೆಗಳು "ಕರ್ತನೇ, ಇವತ್ತು ಕೆಲಸದಲ್ಲಿ ಒಬ್ಬರ ಮೇಲೆ ಅನ್ಯಾಯವಾಗಿ ಸಿಟ್ಟು ಮಾಡಿದೆ, ನಾಳೆ ಅವರ ಜೊತೆ ಮಾತನಾಡಲು ಧೈರ್ಯ ಕೊಡು" ಎಂಬ ತರಹದವು. ಮಗಳು ಕಣ್ಣು ತೆರೆದು ಅಪ್ಪನನ್ನು ನೋಡಿದಳೆಂದು ತಾಯಿ ಆಮೇಲೆ ಹೇಳಿದರು.

ಜೊತೆಗೆ ಮಕ್ಕಳು ಮಲಗುವಾಗ ತಂದೆ ತಲೆಯ ಮೇಲೆ ಕೈಯಿಟ್ಟು ಅರಣ್ಯಕಾಂಡ 6ನೆಯ ಅಧ್ಯಾಯದ 24ರಿಂದ 26ರವರೆಗಿನ ಆಶೀರ್ವಾದವನ್ನು ಹೇಳುವ ಪದ್ಧತಿಯನ್ನು ಆರಂಭಿಸಿದರು. ಮೂರೇ ವಚನ, ಹೊಸದಾಗಿ ಏನನ್ನೂ ಜೋಡಿಸಬೇಕಾಗಿಲ್ಲ. ಮಗಳು ಕಾದಿದ್ದು ಕೇಳಿಸಿಕೊಳ್ಳುತ್ತಿದ್ದಳು. ಮಗ ಮೊದಲ ರಾತ್ರಿ ಗೋಡೆಯ ಕಡೆಗೆ ತಿರುಗಿಕೊಂಡ. ಒತ್ತಾಯಿಸಬಾರದೆಂದು ಮೊದಲೇ ಮಾತಾಗಿದ್ದರಿಂದ ತಂದೆ ಬಾಗಿಲಲ್ಲೇ ನಿಂತು ಹೇಳಿ ಹೊರಟರು, ಮುಂದೆಯೂ ಹಾಗೆಯೇ ಮಾಡುತ್ತ ಬಂದರು.

ಪತ್ನಿ ಒಪ್ಪದಿದ್ದದ್ದು

ಎಲ್ಲರೂ ನಿರೀಕ್ಷಿಸಿದ್ದು ಪತ್ನಿಯ ಸಂತೋಷವನ್ನು. ಬಂದದ್ದು ಅವರ ಅಸಮಾಧಾನ. ತಾವು ಹತ್ತು ವರ್ಷ ಒಬ್ಬರೇ ಉಳಿಸಿಕೊಂಡು ಬಂದ ಕುಟುಂಬ ಪ್ರಾರ್ಥನೆಯನ್ನು ಗಂಡ ಬಂದು ಕೈಗೆತ್ತಿಕೊಂಡು, ಹಾಡನ್ನು ಬದಲಿಸಿ, ಸಮಯವನ್ನು ಬದಲಿಸಿ, ಓದುವ ಭಾಗವನ್ನೂ ತಾನೇ ಆರಿಸತೊಡಗಿದಾಗ ಅವರಿಗೆ ಅದು ನೆರವಾಗಿ ಕಾಣಲಿಲ್ಲ. "ಇಷ್ಟು ವರ್ಷ ನಾನು ಮಾಡಿದ್ದು ಲೆಕ್ಕಕ್ಕಿಲ್ಲವೇ ಅಮ್ಮ? ಅವರು ಪ್ರಾರ್ಥನೆ ನಡೆಸುವುದಿರಲಿ, ಮೊದಲು ಅತ್ತೆಯ ಔಷಧಿ ಯಾವುದು, ಎಷ್ಟು ಹೊತ್ತಿಗೆ ಕೊಡಬೇಕು ಎಂದು ತಿಳಿದುಕೊಳ್ಳಲಿ" ಎಂದು ಅವರು ಸಭಾಪಾಲಕರ ಪತ್ನಿಯೊಡನೆ ಹೇಳಿಕೊಂಡರು.

ಪುರುಷರ ಕೂಟಗಳಲ್ಲಿ ಈ ಭಾಗವನ್ನು ನಾವು ಹಾರಿಸಿಬಿಡುತ್ತೇವೆ. 'ಮನೆಯ ಆತ್ಮಿಕ ನಾಯಕತ್ವವನ್ನು ವಹಿಸಿಕೊಳ್ಳಿ' ಎಂದು ಗಂಡಸರನ್ನು ಹುರಿದುಂಬಿಸಿ ಕಳುಹಿಸುವಾಗ, ಆ ಮನೆಯಲ್ಲಿ ಆ ಕೆಲಸವನ್ನು ಈಗಾಗಲೇ ಒಬ್ಬರು ಮಾಡುತ್ತಿದ್ದಾರೆಂಬುದು ನೆನಪಿಗೇ ಬರುವುದಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ ಗಂಡಂದಿರಿಗೆ ಇಡುವ ಮಾದರಿ, ಕ್ರಿಸ್ತನು ಸಭೆಗಾಗಿ ತನ್ನನ್ನು ಒಪ್ಪಿಸಿಕೊಟ್ಟದ್ದು. ಅದಕ್ಕೂ ಮುಂಚೆ 21ನೆಯ ವಚನ ಒಬ್ಬರಿಗೊಬ್ಬರು ವಿಧೇಯರಾಗಿರಿ ಎನ್ನುತ್ತದೆ. ಪೇತ್ರನ ಮೊದಲ ಪತ್ರಿಕೆಯ 3ನೆಯ ಅಧ್ಯಾಯದ 7ನೆಯ ವಚನವಂತೂ, ಹೆಂಡತಿಯನ್ನು ಗೌರವಿಸದ ಗಂಡನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆಂದು ಎಚ್ಚರಿಸುತ್ತದೆ. ಈ ವಚನವನ್ನು ಹಿರಿಯ ವಿಶ್ವಾಸಿ ಓದಿಸಿದಾಗ ಈ ಸಹೋದರರು ಸ್ವಲ್ಪ ಹೊತ್ತು ಬೈಬಲನ್ನು ತೆರೆದೇ ಇಟ್ಟುಕೊಂಡು ಕುಳಿತರು. ಆಮೇಲೆ, "ಹಾಗಾದರೆ ಔಷಧಿಯಿಂದಲೇ ಆರಂಭಿಸುತ್ತೇನೆ" ಎಂದರು.

ಆರಂಭಿಸಿದರು ಕೂಡ. ತಾಯಿಯ ಔಷಧಿಗಳ ಪಟ್ಟಿ ಮಾಡಿಕೊಂಡು, ವೈದ್ಯರ ಭೇಟಿಯನ್ನು ತಮ್ಮ ಹೊಣೆಗೆ ತೆಗೆದುಕೊಂಡರು. ಮಗಳ ಶಾಲೆಯ ಪೋಷಕರ ಸಭೆಗೆ ಮೊದಲ ಸಲ ಹೋಗಿ, ಅವಳ ತರಗತಿ ಯಾವ ಮಹಡಿಯಲ್ಲಿದೆಯೆಂದು ಕಾವಲುಗಾರನನ್ನು ಕೇಳಿ ತಿಳಿದುಕೊಂಡರು. ಕುಟುಂಬ ಪ್ರಾರ್ಥನೆಯಲ್ಲಿ ಅವರು ಮತ್ತೆ ಪತ್ನಿ ನಡೆಸುವುದಕ್ಕೆ ಜೊತೆಯಾಗಿ ಕುಳಿತರು. ಒಂದೆರಡು ತಿಂಗಳಾದ ಮೇಲೆ ಒಂದು ಸಂಜೆ, ಬಹಳ ದಣಿದಿದ್ದ ಪತ್ನಿಯೇ ಬೈಬಲನ್ನು ಅವರ ಕಡೆಗೆ ಸರಿಸಿ "ಇವತ್ತು ನೀವೇ ಓದಿ" ಎಂದರು. ಅಂದಿನಿಂದ ಇಬ್ಬರೂ ಸರದಿಯಂತೆ ನಡೆಸುತ್ತಿದ್ದಾರೆ. ಇದನ್ನು ನಾಯಕತ್ವವೆಂದು ಕರೆಯಬಹುದೇ ಎಂದು ಪುರುಷರ ಕೂಟದಲ್ಲಿ ಒಬ್ಬರು ಪ್ರಶ್ನಿಸಿದ್ದುಂಟು. ಆ ಚರ್ಚೆಗೆ ಆ ಮನೆಯವರು ಬರಲಿಲ್ಲ, ಬರಬೇಕಾದ ಅಗತ್ಯವೂ ಅವರಿಗೆ ಕಾಣಲಿಲ್ಲ.

ಹಿನ್ನಡೆ

ಐದನೆಯ ತಿಂಗಳಲ್ಲಿ ರಾತ್ರಿ ಪಾಳಿ ಬಂತು. ನಿದ್ದೆಗೆಟ್ಟ ದಿನಗಳಲ್ಲಿ ಪ್ರಾರ್ಥನೆಯ ಕ್ರಮ ತಪ್ಪಿತು. ಅದೇ ವಾರ ಮಗನ ಪರೀಕ್ಷೆಯ ಅಂಕಗಳು ಬಂದವು. ತಂದೆ ಕೂಗಾಡಿದರು. ಅಜ್ಜಿಯ ಎದುರಿಗೆ, ತಂಗಿಯ ಎದುರಿಗೆ ಮಗನ ನಂಬಿಕೆಯನ್ನೂ ಎಳೆದುತಂದು, ದೇವರಿಗೆ ಹೆದರದವನಿಗೆ ವಿದ್ಯೆ ಹತ್ತುವುದಿಲ್ಲವೆಂದರು. ಮಗ ಊಟ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡ.

ವಾರದ ಭೇಟಿಯಲ್ಲಿ ಈ ಸಹೋದರರು, ಎಲ್ಲವೂ ಮುಗಿದುಹೋಯಿತೆಂಬ ದನಿಯಲ್ಲಿ ಇದನ್ನು ಹೇಳಿದರು. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದ 21ನೆಯ ವಚನ ಅವರಿಗೆ ಬಾಯಿಪಾಠವಾಗಿತ್ತು: ತಂದೆಗಳು ಮಕ್ಕಳನ್ನು ಕೆಣಕಬಾರದು, ಕೆಣಕಿದರೆ ಅವರ ಮನಸ್ಸು ಕುಂದೀತು. ಪತ್ರಿಕೆಯ ಈ ಮಾತು ಮಕ್ಕಳ ಮನಸ್ಸು ಕುಂದುವುದನ್ನು ತಂದೆಯ ಲೆಕ್ಕಕ್ಕೆ ಬರೆಯುತ್ತದೆ, ಮಕ್ಕಳ ಸೂಕ್ಷ್ಮತೆಯ ಲೆಕ್ಕಕ್ಕಲ್ಲ. ಕ್ಷಮೆ ಕೇಳಬೇಕೆಂಬುದು ಅವರಿಗೂ ಗೊತ್ತಿತ್ತು, ಕೇಳಿಯೂ ಇದ್ದರು. ಹೇಗೆ ಕೇಳಿದಿರೆಂದು ಹಿರಿಯರು ವಿಚಾರಿಸಿದಾಗ, "ನಾನು ಹಾಗೆ ಕೂಗಬಾರದಿತ್ತು, ಆದರೆ ನೀನು ಸರಿಯಾಗಿ ಓದಿದ್ದರೆ ನಾನೇಕೆ ಕೂಗುತ್ತಿದ್ದೆ ಎಂದೆ" ಎಂದರು. ಹಿರಿಯರು 'ಆದರೆ'ಯಿಂದ ಮುಂದಿನದ್ದನ್ನು ಬಿಟ್ಟು ಮತ್ತೊಮ್ಮೆ ಕೇಳಿರೆಂದರು. ಓದಿನ ಮಾತನ್ನು ಬೇರೆ ದಿನ ಆಡಬಹುದು, ಆಡಬೇಕು ಕೂಡ. ಕ್ಷಮೆಯ ದಿನ ಅದು ಬಂದರೆ ಮಗನಿಗೆ ಕೇಳಿಸುವುದು ಅದೊಂದೇ.

ಎರಡನೆಯ ಸಲ ಅವರು ಮಗನ ಕೋಣೆಗೆ ಹೋಗಿ, ಮಂಚದ ತುದಿಯಲ್ಲಿ ಕುಳಿತು, "ಎಲ್ಲರ ಮುಂದೆ ನಿನ್ನನ್ನು ಅವಮಾನ ಮಾಡಿದೆ. ದೇವರ ಹೆಸರು ಹಿಡಿದು ಮಾಡಿದೆ. ಅದು ತಪ್ಪು, ಕ್ಷಮಿಸು" ಎಂದರು. ಅಜ್ಜಿ ಮತ್ತು ತಂಗಿಯ ಮುಂದೆಯೂ ಇದನ್ನು ಹೇಳಿದರು, ಏಕೆಂದರೆ ಅವಮಾನ ನಡೆದದ್ದು ಅವರ ಮುಂದೆಯೇ. ಮಗ "ಸರಿ" ಎಂದನಂತೆ, ಹೊರಗೆ ಹೋಗುವಾಗ ಬಾಗಿಲು ಎಳೆದುಕೊಂಡು ಹೋಗಿ ಎಂದನಂತೆ. ಇದರಿಂದ ತಂದೆಗೆ ನಿರಾಶೆಯಾಗಿತ್ತು. 15 ವರ್ಷದ ಹುಡುಗನಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದು ಕ್ಷಮೆಗೆ ಬೆಲೆ ಕಟ್ಟಿದಂತಾಗುತ್ತದೆಂದು ನಾವು ಅವರಿಗೆ ಹೇಳಬೇಕಾಯಿತು.

ರಾತ್ರಿ ಪಾಳಿಯ ತಿಂಗಳುಗಳಿಗೆ ಬೇರೆಯೇ ಕ್ರಮ ಬೇಕೆಂಬುದೂ ಈ ಹಿನ್ನಡೆಯಿಂದ ಸ್ಪಷ್ಟವಾಯಿತು. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ವಾಕ್ಯವನ್ನು ಮಕ್ಕಳಿಗೆ ಹೇಳಿಕೊಡಬೇಕಾದ ಹೊತ್ತುಗಳನ್ನು ಎಣಿಸುವಾಗ ಮನೆಯಲ್ಲಿ ಕುಳಿತಿರುವುದು, ದಾರಿಯಲ್ಲಿ ನಡೆಯುವುದು, ಮಲಗುವುದು, ಏಳುವುದು ಎನ್ನುತ್ತದೆ. ಎಲ್ಲರೂ ಒಟ್ಟಾಗಿ ಕೂರುವ ಗಂಟೆಯೊಂದೇ ಅದರಲ್ಲಿಲ್ಲ. ಹಾಗಾಗಿ ರಾತ್ರಿ ಪಾಳಿಯಿಂದ ಮರಳುವ ತಂದೆ ಮಗನನ್ನು ಶಾಲೆಗೆ ಬಿಡುವ ದಾರಿಯನ್ನೇ ಆ ಹೊತ್ತೆಂದು ಎಣಿಸಿಕೊಂಡರು. ಆ ದಾರಿಯಲ್ಲಿ ಓದಿನ ಪ್ರಶ್ನೆಯಾಗಲಿ ಚರ್ಚಿನ ಪ್ರಶ್ನೆಯಾಗಲಿ ಕೇಳಬಾರದೆಂಬ ಒಪ್ಪಂದ ಅವರು ತಮಗೆ ತಾವೇ ಮಾಡಿಕೊಂಡದ್ದು. ಮೊದಮೊದಲು ಇಬ್ಬರೂ ಸುಮ್ಮನೆ ಹೋಗುತ್ತಿದ್ದರು. ಆಮೇಲೆ ಮಗನೇ, ಕೆಲಸದಲ್ಲಿ ಸುಳ್ಳು ಲೆಕ್ಕ ಬರೆಯಲು ಯಾರಾದರೂ ಹೇಳಿದ್ದುಂಟೇ, ಆಗ ಏನು ಮಾಡಿದಿರಿ ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹೇಳಿ ಮುಗಿಸಲು ತಂದೆಗೆ ಮೂರು ಬೆಳಗ್ಗೆ ಬೇಕಾದವು.

ಒಂದು ವರ್ಷದ ಹೊತ್ತಿಗೆ

ಕುಟುಂಬ ಪ್ರಾರ್ಥನೆ ವಾರಕ್ಕೆ ನಾಲ್ಕೈದು ದಿನ ನಡೆಯುತ್ತದೆ, ಸಾಮಾನ್ಯವಾಗಿ ಕಾಲು ಗಂಟೆ. ಮಗ ಅದಕ್ಕೆ ಬಂದು ಕೂರುತ್ತಾನೆ, ಪ್ರಾರ್ಥಿಸುವುದಿಲ್ಲ. ಭಾನುವಾರದ ಆರಾಧನೆಗೆ ಕೆಲವು ವಾರ ಬರುತ್ತಾನೆ, ಕೆಲವು ವಾರ ಬರುವುದಿಲ್ಲ. ಅವನು ಮುಂದೆ ವಿಶ್ವಾಸದಲ್ಲಿ ನೆಲೆಗೊಳ್ಳುವನೆಂದು ಯಾರೂ ಭರವಸೆ ಕೊಡುವಂತಿಲ್ಲ, ತಂದೆಯ ಬದಲಾವಣೆಯನ್ನು ಅದರಿಂದ ಅಳೆಯುವುದೂ ಸರಿಯಲ್ಲ. ಪತ್ನಿ ತಮ್ಮ ಬಗ್ಗೆ ಹೇಳಿದ್ದು ಇಷ್ಟು: ಈಗ ತಮಗೆ ಕಾಯಿಲೆ ಬಂದರೂ ಮನೆ ನಡೆಯುತ್ತದೆ.

ಸಭೆಯಲ್ಲಿ ಇದರಿಂದ ಒಂದು ಕ್ರಮ ಹುಟ್ಟಿಕೊಂಡಿದೆ. ಇನ್ನುಮುಂದೆ ಯಾವ ಗೃಹಸ್ಥರಿಗಾದರೂ ಸಂಜೆಯ ಹೊಣೆಯನ್ನು ಒಪ್ಪಿಸುವ ಮುಂಚೆ ಅವರ ಪತ್ನಿಯ ಜೊತೆ ಸಭಾಪಾಲಕ ದಂಪತಿ ಮಾತನಾಡಬೇಕು, ಒಬ್ಬರ ಮೇಲೆ ಎರಡಕ್ಕಿಂತ ಹೆಚ್ಚು ಹೊಣೆ ಬೀಳಬಾರದು, ವರ್ಷಕ್ಕೊಮ್ಮೆ ಅದನ್ನು ಮರುಪರಿಶೀಲಿಸಬೇಕು ಎಂದು ಹಿರಿಯರ ಸಮಿತಿ ತೀರ್ಮಾನಿಸಿತು. ಅವರಲ್ಲಿ ಒಬ್ಬರು ಒಪ್ಪಲಿಲ್ಲ. ಕೆಲಸಗಾರರು ಕೊಂಚವೇ ಇರುವಾಗ ಹೀಗೆ ಬಿಡುತ್ತ ಹೋದರೆ ಸಭೆಯನ್ನು ನಡೆಸುವವರು ಯಾರು, ನಮ್ಮ ಹಿರಿಯರು ಎಲ್ಲವನ್ನೂ ಹೊತ್ತೇ ಈ ಸಭೆಯನ್ನು ಕಟ್ಟಲಿಲ್ಲವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಹುರುಳಿಲ್ಲದ್ದೇನಲ್ಲ: ಕಟ್ಟಡ ಸಮಿತಿಯಲ್ಲಿ ಈ ಸಹೋದರರ ಜಾಗ ಇನ್ನೂ ಖಾಲಿಯಿದೆ, ಛಾವಣಿಯ ದುರಸ್ತಿ ಮುಂದಕ್ಕೆ ಹೋಗಿದೆ, ಮತ್ತು ಖಜಾಂಚಿಯ ಕೆಲಸವನ್ನು ವರ್ಷಾಂತ್ಯದಲ್ಲಿ ವಹಿಸಿಕೊಂಡ ತರುಣ ದಂಪತಿ ಲೆಕ್ಕವನ್ನು ಇಬ್ಬರೂ ಕೂಡಿ ಬರೆಯುತ್ತಿರುವುದರಿಂದ ತಿಂಗಳ ವರದಿ ಸ್ವಲ್ಪ ತಡವಾಗಿ ಬರುತ್ತಿದೆ.